ನಿಮಗಿದು ಗೊತ್ತೆ?: ಮಿತಾಹಾರ ಮತ್ತು ದೀರ್ಘಾಯುಷ್ಯ

ತುಮಕೂರಿನ ಬಟವಾಡಿಗೆ ಅನತಿದೂರದಲ್ಲಿರುವ ಸಿದ್ಧಗಂಗಾ ಮಠದಲ್ಲಿ ಸಾವಿರಾರು ವಿದ್ಯಾರ್ಥಿಗಳಿಗೆ ನಿತ್ಯ ದಾಸೋಹ ನಡೆಸಿ, ತಾವು ಮಾತ್ರ ಇಡ್ಲಿ, ತೊವ್ವೆಯಂತಹ ಮಿತಾಹಾರದಲ್ಲೇ ತೃಪ್ತರಾಗಿದ್ದ ಡಾ. ಶಿವಕುಮಾರ ಸ್ವಾಮೀಜಿಯವರು 2019ರ ಜನವರಿ 21ರಂದು ಲಿಂಗೈಕ್ಯರಾದಾಗ ಅವರಿಗೆ 111 ವರ್ಷ ವಯಸ್ಸಾಗಿತ್ತು.

ಮಿತಾಹಾರಕ್ಕೂ ಆಯುಷ್ಯಕ್ಕೂ ನಂಟಿದೆಯೇ ಎಂಬುದನ್ನು ವಿಜ್ಞಾನವೂ ಪರಿಶೀಲಿಸಿದೆ. ಆಹಾರದಿಂದ ದೊರೆಯುವ ಶಕ್ತಿಯ ಅಳತೆಯೇ ಕ್ಯಾಲೊರಿ. ಪೋಷಕಾಂಶಗಳಿಗೆ ಕೊರತೆಯಾಗದಂತೆ ಅದನ್ನು ತಗ್ಗಿಸಿ ಸಾಕಿದ ಇಲಿಗಳು ಹೆಚ್ಚು ಕಾಲ ಬದುಕಿದ್ದನ್ನು ಅಮೆರಿಕದ ವಿಜ್ಞಾನಿ ಕ್ಲೈವ್ ಮೆಕೇ ಮತ್ತು ಸಂಗಡಿಗರು 1935ರಲ್ಲಿ ವರದಿ ಮಾಡಿದರು. ಮುಂದೆ ಅಲ್ಲಿಯೇ ನಡೆದ ಎರಡು ವರ್ಷಗಳ ‘ಕ್ಯಾಲರಿ’ ಅಧ್ಯಯನದಲ್ಲಿ, ಕ್ಯಾಲೊರಿಯನ್ನು ಸರಾಸರಿ ಶೇ 12ರಷ್ಟು ಇಳಿಸಿದ ಆರೋಗ್ಯವಂತರಲ್ಲಿ ರಕ್ತದೊತ್ತಡವೂ ಕೆಟ್ಟ ಕೊಲೆಸ್ಟೆರಾಲೂ ತಗ್ಗಿದವಾದರೂ, ಇದರಿಂದ ಮನುಷ್ಯರ ಆಯುಷ್ಯವೇ ಹೆಚ್ಚುತ್ತದೆ ಎಂಬುದು ಇನ್ನೂ ದೃಢಪಟ್ಟಿಲ್ಲ. ಬೆಳೆಯುವ ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ ಈ ಕ್ರಮ ಸಲ್ಲದು.