ಮುದುಡಿ ಕುಳಿತ ಆಮೆ

ಆಮೆ ತನ್ನ ಅಂಗಗಳನ್ನು ಒಳಗೆ ಎಳೆದುಕೊಳ್ಳುವದನ್ನು ನಮ್ಮ ಹಿರಿಯರು ದೊಡ್ಡ ಗುಣವೆಂದು ಎಣಿಸಿದ್ದರು. ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಸ್ಥಿತಪ್ರಜ್ಞನಿಗೆ ಕೊಟ್ಟ ಉಪಮೆಯೂ ಅದೇ ಆಗಿದೆ. ಉಪಮೆ ಸೊಗಸಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆಳಂದದಲ್ಲಿರುವ ನಮ್ಮ ಕಾಕಾನ ಮನೆಯಲ್ಲಿ ಒಂದು ಆಮೆ ಹನ್ನೆರಡು ದಿನ ಹೀಗೆಯೇ ಮುದುಡಿ ಕುಳಿತಾಗ ಅದು ಯಾವ ಯೋಗವನ್ನೂ ಸಾಧಿಸುತ್ತಿರಲಿಲ್ಲ, ಸಾಯುತ್ತಲಿತ್ತು. ಇದು ನಮಗೆ ತಿಳಿಯುವದು ತೀರ ತಡವಾಯಿತು.

2023ರ ದೀಪಾವಳಿಯ ಸುಮಾರಿಗೆ ಕಾಕಾ ಅದನ್ನು ಪರಸ್ಥಳದಿಂದ ಕೊಂಡು ತಂದಿದ್ದರು. ಆಮೆಯಿದ್ದ ಮನೆಗೆ ಲಕ್ಷ್ಮಿ ಬರುವಳೆಂದು ಅವರಿಗೆ ಯಾರೋ ಹೇಳಿದ್ದರಂತೆ. ಅಂಗೈಯಗಲದ ಪ್ರಾಣಿ. ಕಪ್ಪು ಚಿಪ್ಪಿನ ಒಂದೊಂದು ಗುಬ್ಬದಿಂದಲೂ ಹಳದಿ ಗೆರೆಗಳು ಕಿರಣಗಳಂತೆ ಹರಡಿದ್ದವು. ಇದಕ್ಕೆ ನಕ್ಷತ್ರ ಆಮೆಯೆಂದು ಹೆಸರು. ಮೊದಲ ತಿಂಗಳು ಅದು ಪಡಸಾಲೆಯಲ್ಲೆಲ್ಲ ಓಡಾಡಿತು. ಡಿಸೆಂಬರಿನಲ್ಲಿ ಮೂಲೆ ಹಿಡಿಯಿತು. ತಲೆ ಹೊರಗೆ ಬರಲಿಲ್ಲ, ಅನ್ನ ಮುಟ್ಟಲಿಲ್ಲ.

ಜೇವರ್ಗಿ ತಾಲೂಕಿನ ಹಳ್ಳಿಯಲ್ಲಿರುವ ನಮ್ಮ ಆಯಿ ಫೋನಿನಲ್ಲಿ ಸಂಗತಿ ಕೇಳಿ, "ಅದಕ್ಕೇನಾಗ್ಯದ? ಮಲಗ್ಯದ. ಎಬ್ಬಿಸಬ್ಯಾಡ್ರಿ" ಎಂದಳು. ಆಕೆಯ ಮಾತನ್ನು ಅಜ್ಞಾನವೆಂದು ನಾನು ತಳ್ಳಿಹಾಕಲಾರೆ. ಅವಳ ಊರು ಭೀಮೆಯ ದಂಡೆಯ ಮೇಲಿದೆ. ಹಿಂದಕ್ಕೆ ಕೆರೆ ಬತ್ತಿದ ವರ್ಷ ಹೊಲಕ್ಕೆ ಹೂಳು ಹೊಡೆಯುವಾಗ ಕೆಸರಿನೊಳಗಿಂದ ಜೀವಂತ ಆಮೆಯೊಂದು ಹೊರಬಿದ್ದುದನ್ನು ಅವಳು ಕಣ್ಣಾರೆ ಕಂಡವಳು. ಅದು ಬೇರೆ ಜಾತಿಯದು. ನೀರಿನಲ್ಲಿರುವ ಮೆತ್ತನೆ ಚಿಪ್ಪಿನ ಆಮೆ. ಹಿಂಗಾಲುಗಳನ್ನು ಒಳಗೆ ಎಳೆದುಕೊಂಡು ಕೆಳಗಿನ ಚರ್ಮದ ಮುಚ್ಚಳದಿಂದ ಮುಚ್ಚಿಕೊಳ್ಳುವದು. ನೀರು ಬತ್ತಿದರೆ ಕೆಸರಿನಲ್ಲಿ ಹೂತುಕೊಂಡು ಮಳೆಯ ದಾರಿ ಕಾಯುವದು. ಆಯಿ ಕಂಡದ್ದು ನಿಜ. ಆದರೆ ಆ ನಿಜ ಕಾಕಾನ ಆಮೆಗೆ ಹೊಂದುವಂಥದ್ದಾಗಿರಲಿಲ್ಲ.

ಚಳಿಗಾಲದ ದೀರ್ಘನಿದ್ರೆಯ ಮಾತನ್ನು ನಾವು ಪುಸ್ತಕಗಳಲ್ಲಿಯೂ ಓದುತ್ತೇವೆ. ಗಿಲ್ಬರ್ಟ್ ವೈಟ್ ಎಂಬ ಇಂಗ್ಲಿಷ್ ಪಾದ್ರಿ 1789ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಗ್ರಂಥದಲ್ಲಿ, ಚಳಿಗಾಲವೆಲ್ಲ ಮಣ್ಣಿನಲ್ಲಿ ಹೂತುಕೊಂಡು ಮಲಗುವ ಒಂದು ಆಮೆಯನ್ನು ವರ್ಣಿಸಿದ್ದಾನೆ. ಆದರೆ ಅದು ಮೆಡಿಟರೇನಿಯನ್ ಪ್ರದೇಶದ ಆಮೆ. ನಮ್ಮ ನಕ್ಷತ್ರ ಆಮೆಗೆ ಅಂಥ ದೀರ್ಘನಿದ್ರೆಯ ರೂಢಿಯಿಲ್ಲ. ಬಹಳ ಬಿಸಿಲಿನಲ್ಲಿಯೂ ಬಹಳ ತಂಪಿನಲ್ಲಿಯೂ ಅದು ಚಲನವಲನ ಕಡಿಮೆ ಮಾಡುವದುಂಟು, ಮಳೆಗಾಲದಲ್ಲಿ ಚುರುಕಾಗುವದು. ದಿನಗಟ್ಟಲೆ ತಿನ್ನದೆ ಮುದುಡಿ ಕುಳಿತರೆ ಅದನ್ನು ನಿದ್ರೆಯೆಂದು ತಿಳಿಯಬಾರದು.

ನಾನು ಓದುವದು ಅಫಜಲಪುರದಲ್ಲಿ. ಇಲ್ಲಿ ನನಗೆ ಪರಿಚಯದ ಪಶುವೈದ್ಯರೊಬ್ಬರಿದ್ದಾರೆ. ಕಾಕಾ ಆಮೆಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಮೋಟರ್ ಸೈಕಲ್ಲಿನ ಮೇಲೆ ಬಂದರು. ವೈದ್ಯರು ಮೊದಲು ಮೂಗು ನೋಡಿದರು. ಮೂಗಿನಿಂದ ಗುಳ್ಳೆ ಬಂದರೆ, ಬಾಯಿ ತೆರೆದು ಉಸಿರಾಡಿದರೆ, ಅದು ಶ್ವಾಸಕೋಶದ ಬೇನೆ. ಮನೆಯ ಉಪಾಯ ಸಾಲದು. ಪುಣ್ಯಕ್ಕೆ ಹಾಗೇನೂ ಇರಲಿಲ್ಲ. ಕಣ್ಣು ಒಳಗೆ ಹೋಗಿದ್ದವು, ಚಿಪ್ಪಿನ ಅಂಚು ಬೆರಳಿಗೆ ಸ್ವಲ್ಪ ಬಾಗುತ್ತಿತ್ತು. ಜಂತಿಗೆಂದು ಸೂಜಿ ಹಾಕಿರೆಂದು ಕಾಕಾ ಕೇಳಿದರು. ದನಕುರಿಗಳಿಗೆ ನಿತ್ಯ ಕೊಡುವ ಐವರ್ಮೆಕ್ಟಿನ್ ಎಂಬ ಆ ಔಷಧ ಆಮೆಗೆ ವಿಷವಾದೀತೆಂದು ವೈದ್ಯರು ಕೊಡಲಿಲ್ಲ. ಈ ಒಂದು ಸಂಗತಿಯನ್ನಾದರೂ ಓದುಗರು ನೆನಪಿನಲ್ಲಿಡಬೇಕು.

ಆ ಮೇಲೆ ಅವರು ಆಮೆಯನ್ನು ಬಿಟ್ಟು ಮನೆಯನ್ನು ವಿಚಾರಿಸಿದರು. ಪಡಸಾಲೆಗೆ ಶಹಾಬಾದ ಕಲ್ಲಿನ ಹಾಸು. ಬೇಸಿಗೆಯಲ್ಲಿ ನಮಗೆ ಸುಖ, ಡಿಸೆಂಬರಿನ ರಾತ್ರಿ ಆಮೆಗೆ ಮಂಜುಗಡ್ಡೆ. ಆಮೆಯ ಮೈಗೆ ಸ್ವಂತ ಕಾವಿಲ್ಲ. ಸುತ್ತಲಿನ ಕಾವು ಇಳಿದರೆ ಅದರ ಜಠರವೂ ನಿಂತುಬಿಡುವದು. ಹೊಟ್ಟೆಯಲ್ಲಿದ್ದದ್ದು ಅರಗದೆ ಕೊಳೆಯತೊಡಗುವದು. ಅದು ತಿನ್ನಲೊಲ್ಲದೆಂದು ಚಿಗವ್ವ ಅಕ್ಕರೆಯಿಂದ ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನು ಬಾಯಿಗೆ ಹಿಡಿದಿದ್ದಳು. ಹಾಲು, ಅನ್ನ, ರೊಟ್ಟಿ, ದಿನವೂ ಬಾಳೆಹಣ್ಣು — ಇವೊಂದೂ ಹುಲ್ಲು ತಿನ್ನುವ ಈ ಪ್ರಾಣಿಯ ಆಹಾರವಲ್ಲ. ಮನೆಯೊಳಗಿದ್ದುದರಿಂದ ಬಿಸಿಲೂ ಇಲ್ಲ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಮೈಯಲ್ಲಿ ಡಿ ಜೀವಸತ್ವ ಹುಟ್ಟಿದರೇ ಸುಣ್ಣದ ಅಂಶ ಚಿಪ್ಪಿಗೆ ಸೇರುವದು. ಕಿಟಕಿಯ ಗಾಜು ಆ ಕಿರಣಗಳನ್ನು ತಡೆಯುವದರಿಂದ ಗಾಜಿನ ಹಿಂದಿನ ಬಿಸಿಲು ಕೆಲಸಕ್ಕೆ ಬಾರದು.

ವೈದ್ಯರು ಹೇಳಿದ ಕ್ರಮವೇ ಮುಖ್ಯ: ಮೊದಲು ಕಾವು, ನಂತರ ನೀರು, ಕಡೆಗೆ ಆಹಾರ. ನಾವು ಇಷ್ಟು ದಿನ ತಿರುಗಾಮುರುಗಾ ಮಾಡಿದ್ದೆವು. ಕಟ್ಟಿಗೆಯ ಪೆಟ್ಟಿಗೆಗೆ ಒಣ ಮಣ್ಣು ಹಾಕಿ ಒಂದು ಬದಿಗೆ ಬಲ್ಬು ಉರಿಸಿದೆವು. ಆ ಬದಿ 32 ಡಿಗ್ರಿ, ಇನ್ನೊಂದು ಬದಿ 26. ಯಾವದು ಬೇಕೋ ಅದನ್ನು ಆಮೆಯೇ ಆರಿಸಿಕೊಳ್ಳಲಿ ಎಂದು. ಬೆಳಿಗ್ಗೆ ಉಗುರುಬೆಚ್ಚಗಿನ ನೀರಿನಲ್ಲಿ ಗದ್ದ ಮುಳುಗದಂತೆ ಇಪ್ಪತ್ತು ನಿಮಿಷ ಇಡುವದು. ಕಾಕಾ ಇದಕ್ಕೆ ಹಿಟ್ಟು ನಾದುವ ಪರಾತವನ್ನೇ ತಂದಾಗ ಚಿಗವ್ವ ಕೂಗಾಡಿದಳು. ಅವಳ ಸಿಟ್ಟು ನ್ಯಾಯವಾದುದೇ. ಆಮೆಗಳ ಮೈಯಲ್ಲಿ ಸಾಲ್ಮೊನೆಲ್ಲಾ ಎಂಬ ಹೊಟ್ಟೆಬೇನೆಯ ರೋಗಾಣು ಇರುವದುಂಟು. ಬೇರೊಂದು ಬೋಗುಣಿ ಬಂತು. ಮುಟ್ಟಿದವರು ಸಾಬೂನಿನಿಂದ ಕೈ ತೊಳೆಯುವ ನಿಯಮವೂ ಬಂತು.

ಮೂರನೆಯ ದಿನ ಅದು ನೀರಿನೊಳಗೆ ಕತ್ತು ಚಾಚಿ ಬಹಳ ಹೊತ್ತು ಕುಡಿಯಿತು. ಆಳಂದದಿಂದ ಕಾಕಾ ನನಗೆ ಫೋನು ಮಾಡಿ ಕೂಸು ಹುಟ್ಟಿದ ಸುದ್ದಿಯಂತೆ ಅದನ್ನು ಹೇಳಿದರು. ಎಂಟು ಗಂಟೆಯ ಎಳೆಬಿಸಿಲಿನಲ್ಲಿ ಅಂಗಳಕ್ಕೆ ಬಿಡತೊಡಗಿದರು, ಅರ್ಧ ನೆರಳಿರುವಂತೆ. (ಮೇ ತಿಂಗಳ ನಮ್ಮ ಬಿಸಿಲಿಗೆ ಹೀಗೆ ಬಿಟ್ಟರೆ ಸತ್ತೇ ಹೋಗುವದು.) ಐದನೆಯ ದಿನ ದಾಸವಾಳದ ಹೂವನ್ನು ಕಚ್ಚಿತು. ಮುಂದೆ ಗರಿಕೆ, ದಾಸವಾಳದ ಎಲೆ, ಮುಳ್ಳು ಕೆತ್ತಿದ ಪಾಪಾಸುಕಳ್ಳಿ. ಮೇಲೆ ಚಿಟಿಕೆ ಸುಣ್ಣಾಂಶದ ಪುಡಿ. ತೂಕ 405 ಗ್ರಾಮಿನಿಂದ 431ಕ್ಕೆ ಏರಿತು. ಅದರಲ್ಲಿ ಬಹುಪಾಲು ಕುಡಿದ ನೀರೇ ಇದ್ದೀತು.

ಇನ್ನು ಹೇಳಲು ಸಂಕೋಚವಾಗುವ ಭಾಗ. ಪೆಟ್ಟಿಗೆ ತೆರೆದ ದಿನವೇ ವೈದ್ಯರು, "ಇದು ಮನ್ಯಾಗ ಇಡೂ ಪ್ರಾಣಿ ಅಲ್ರಿ. ಅರಣ್ಯ ಇಲಾಖೆಗೆ ತಿಳಸ್ರಿ" ಎಂದಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯಿಂದ ನಕ್ಷತ್ರ ಆಮೆ ಮೊದಲನೆಯ ಅನುಸೂಚಿಗೆ ಸೇರಿದೆ. ಹುಲಿಯೂ ಅದೇ ಅನುಸೂಚಿಯಲ್ಲಿದೆ. ಇದನ್ನು ಹಿಡಿಯುವದು, ಮಾರುವದು, ಕೊಳ್ಳುವದು, ಸಾಕುವದು ಎಲ್ಲವೂ ಅಪರಾಧ. ಶಿಕ್ಷೆ ಮೂರರಿಂದ ಏಳು ವರ್ಷದ ಸೆರೆ. ಆಯಿ ಕಂಡ ಕೆಸರಿನ ಆಮೆಗೂ ಇದೇ ರಕ್ಷಣೆಯುಂಟು. ಕದ್ದು ಸಾಗಿಸಿ ಪರದೇಶಗಳಿಗೆ ಮಾರುವ ಹಾವಳಿ ವಿಪರೀತವಾದುದರಿಂದ 2019ರಲ್ಲಿ ಜಿನೀವಾದಲ್ಲಿ ಕೂಡಿದ ರಾಷ್ಟ್ರಗಳು ನಕ್ಷತ್ರ ಆಮೆಯ ಅಂತರರಾಷ್ಟ್ರೀಯ ವ್ಯಾಪಾರವನ್ನೇ ನಿಷೇಧಿಸಲು ತೀರ್ಮಾನಿಸಿದವು.

ಕಾಕಾ ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ರಾತ್ರೋರಾತ್ರಿ ಹೊಲದಲ್ಲಿ ಬಿಟ್ಟುಬಿಡೋಣವೆಂದೂ ಒಮ್ಮೆ ಅಂದರು. ಮನೆಯಲ್ಲಿ ಬೇನೆ ಹತ್ತಿಸಿಕೊಂಡ ಪ್ರಾಣಿಯನ್ನು ಕಂಡಲ್ಲಿ ಬಿಟ್ಟರೆ ಅದೂ ಬದುಕದು, ಅಲ್ಲಿಯ ಆಮೆಗಳಿಗೂ ಬೇನೆ ಹತ್ತೀತೆಂದು ವೈದ್ಯರು ಹೇಳಿದ್ದನ್ನು ನಾನು ನೆನಪಿಸಿದೆ. ಕಡೆಗೆ ಫೋನು ಮಾಡಿದವರು ಅವರೇ. ಹತ್ತನೆಯ ದಿನ ಇಲಾಖೆಯವರು ಬಂದರು, ಹೇಳಿಕೆ ಬರೆದುಕೊಂಡರು, ಏನು ತಿನ್ನುತ್ತದೆಂದು ಕೇಳಿದರು. ಚಿಗವ್ವ ದಾಸವಾಳದ ಹೂಗಳನ್ನು ಕಾಗದದಲ್ಲಿ ಕಟ್ಟಿಕೊಟ್ಟಳು. ಅವರು ಪೆಟ್ಟಿಗೆ ಎತ್ತಿದಾಗ ಆಮೆ ತಲೆಯನ್ನು ಒಳಗೆ ಎಳೆದುಕೊಂಡಿತು. ಜೀಪು ಹೊರಡುವದರೊಳಗೆ ಮತ್ತೆ ಹೊರಗೆ ಚಾಚಿ ನೋಡುತ್ತಿತ್ತು.