ಕಡಲತೀರದ ಪ್ರವಾಸ: ಇಳಿದುಕೊಳ್ಳುವುದೆಲ್ಲಿ?

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಸುತ್ತುವ ದೇಶದಲ್ಲಿ ರಾತ್ರಿ ತಲೆಯೂರುವುದೆಲ್ಲಿ ಎಂಬುದನ್ನು ಮಾತ್ರ ಆ ಗಾದೆ ಹೇಳುವುದಿಲ್ಲ. ಪ್ರವಾಸ ಹೊರಡುವ ನಾವೂ ಆ ಪ್ರಶ್ನೆಗೆ ಸಲ್ಲಬೇಕಾದಷ್ಟು ಗಮನ ಸಲ್ಲಿಸುವುದಿಲ್ಲ. ರೈಲಿನ ಟಿಕೇಟಿಗಾಗಿ ಎರಡು ತಿಂಗಳು ಮೊದಲೇ ಹೆಣಗುತ್ತೇವೆ. ನೋಡಬೇಕಾದ ದೇವಸ್ಥಾನಗಳ ಪಟ್ಟಿ ಮಾಡುತ್ತೇವೆ. ಇಳಿದುಕೊಳ್ಳುವ ಸ್ಥಳವನ್ನೋ, ಒಂದು ಚಿತ್ರ ನೋಡಿ, ಒಂದು ದರ ಕೇಳಿ, ಐದು ನಿಮಿಷದಲ್ಲಿ ನಿಶ್ಚಯಿಸಿಬಿಡುತ್ತೇವೆ. ಆ ಐದು ನಿಮಿಷದ ಅವಸರಕ್ಕೆ ನಮ್ಮ ಕುಟುಂಬವು ಹನ್ನೊಂದು ವಾರಗಳ ಬೆಲೆ ತೆತ್ತಿತು. ಆ ಅನುಭವವೇ ಈ ಲೇಖನಕ್ಕೆ ಪ್ರೇರಣೆ.

ನನ್ನ ತಾಯಿ ವಿಜಯಪುರದ ಕಡೆಯವರು. ಅಂಬರನಾಥದ ನಮ್ಮ ಮನೆಗೆ ಬಂದು ವರ್ಷಗಳಾಗಿದ್ದರೂ ಸಮುದ್ರವೆಂದರೆ ಅವರು ಕಂಡದ್ದು ಗಿರಗಾಂವ್ ಚೌಪಾಟಿಯನ್ನು ಮಾತ್ರ. ಒಂದು ಮೇ ತಿಂಗಳ ರಜೆಯಲ್ಲಿ ಆರು ಜನ ಸೇರಿ ಉತ್ತರ ಕನ್ನಡದ ಒಂದು ಕಡಲತೀರಕ್ಕೆ ಹೋದೆವು. ವಸತಿಯನ್ನು ಆರಿಸಿದವನು ನನ್ನ ಮಗ. ಮೊಬೈಲಿನಲ್ಲಿ ಅದರ ಚಿತ್ರ ಕಂಡಾಗ ನಾನೂ ಮೆಚ್ಚಿ ತಲೆಯಾಡಿಸಿದೆನಾದ್ದರಿಂದ ತಪ್ಪು ಅವನೊಬ್ಬನದಲ್ಲ. ಗುಡ್ಡದ ನೆತ್ತಿಯಲ್ಲಿ ಕೊಠಡಿ, ಕಿಟಕಿ ತೆರೆದರೆ ನೀಲಿ ಕಡಲು! ಆದರೆ ಆ ಕಿಟಕಿಯಿಂದ ನೀರಿನವರೆಗೆ ಅರುವತ್ತಕ್ಕೂ ಹೆಚ್ಚು ಮೆಟ್ಟಿಲುಗಳು, ಅನಂತರ ನೆರಳಿಲ್ಲದ ಮರಳು ಎಂಬುದನ್ನು ಚಿತ್ರ ತೋರಿಸಿರಲಿಲ್ಲ. ಊಟದ ಖಾನಾವಳಿ ಮರಳಿನ ಆಚೆಯ ತುದಿಯಲ್ಲಿತ್ತು.

ಎರಡನೆಯ ದಿನ ಮಧ್ಯಾಹ್ನ ಊಟಕ್ಕೆ ಹೊರಟಾಗ ತಾಯಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದರು. ಸಮುದ್ರರಾಜನಿಗೆ ಅರಿಸಿನ ಕುಂಕುಮ ಏರಿಸಿ ಬಂದ ಮೇಲೆ ಅವನೆದುರು ಚಪ್ಪಲಿ ಮೆಟ್ಟುವುದುಂಟೆ ಎಂಬುದು ಅವರ ಭಾವನೆ. ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದ ಆ ಪಾದಗಳಿಗೆ ಮರಳಿನ ಬಿಸಿ ತಿಳಿಯಲೇ ಇಲ್ಲ. ಸಂಜೆ ಅಂಗಾಲು ತೊಳೆಯುವಾಗ ನನ್ನ ಹೆಂಡತಿ ಬೊಬ್ಬೆಗಳನ್ನು ಕಂಡು ಗಾಬರಿಗೊಂಡಳು. ‘ನೋವಿಲ್ಲ ಬಿಡವ್ವಾ’ ಎಂದರು ತಾಯಿ. ನೋವಿಲ್ಲದಿರುವುದೇ ದೊಡ್ಡ ಅಪಾಯವೆಂದು ನಮಗೆ ಆಗ ತಿಳಿದಿರಲಿಲ್ಲ. ಗುಡ್ಡದ ಮೇಲಕ್ಕೆ ರಿಕ್ಷಾ ಬರುವಂತಿರಲಿಲ್ಲ. ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿಳಿಸಿ, ವಾಹನ ಹುಡುಕಿ, ವೈದ್ಯರನ್ನು ಕಾಣುವ ಹೊತ್ತಿಗೆ ರಾತ್ರಿ ಹತ್ತು ಗಂಟೆ. ಊರಿಗೆ ಮರಳಿದ ಮೇಲೆ ಹುಣ್ಣು ಮಾಯಲು ಹನ್ನೊಂದು ವಾರ ಹಿಡಿಯಿತು. ಒಂದು ಬೆರಳು ಉಳಿದದ್ದು ದೈವಕೃಪೆ ಮತ್ತು ವೈದ್ಯರ ಶ್ರಮ. ಹಾಸಿಗೆಯಲ್ಲಿದ್ದ ತಾಯಿ ಒಂದು ದಿನ ಹೇಳಿದರು: ‘ಸಮುದ್ರಾ ನೋಡಿದ್ದು ತಪ್ಪಲ್ಲ ತಮ್ಮಾ, ನಾವು ಇಳಕೊಂಡ ಜಾಗಾ ತಪ್ಪಿತ್ತು.’

ವಾಚಕರೆ, ನಾನು ಹೇಳಬೇಕಾದುದು ಇಷ್ಟೇ: ವಸತಿಯನ್ನು ಆರಿಸುವಾಗ ಕುಟುಂಬದಲ್ಲಿ ಎಲ್ಲರಿಗಿಂತ ಬಲಗುಂದಿದವರು ಯಾರೋ ಅವರ ಕಣ್ಣಿನಿಂದ ನೋಡಿ ಆರಿಸಬೇಕು. ಅಜ್ಜಿಗೆ ಒಗ್ಗುವ ಮನೆ ಮೊಮ್ಮಗನಿಗೂ ಒಗ್ಗುತ್ತದೆ. ಮೊಮ್ಮಗನಿಗೆ ಒಗ್ಗಿದ್ದೆಲ್ಲ ಅಜ್ಜಿಗೆ ಒಗ್ಗುವುದಿಲ್ಲ.

ವಸತಿಯ ಬಗೆಗಳು

ನಮ್ಮಂಥವರ ಮುಂದಿರುವ ವಸತಿಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಬಂಧುಗಳ ಮನೆ. ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ತರುಣ ರವೀಂದ್ರನಾಥ ಠಾಕೂರರು ಕಾರವಾರಕ್ಕೆ ಬಂದಾಗ ಇಳಿದುಕೊಂಡದ್ದು ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ. ಇಂದಿಗೂ ಅಲ್ಲಿನ ತೀರಕ್ಕೆ ಠಾಕೂರರ ಹೆಸರಿದೆ. ಬಂಧುಗಳ ಮನೆಯಂಥ ಸುಖ ಬೇರೆಯಿಲ್ಲ; ಆದರೆ ವಯಸ್ಸಾದ ಚಿಕ್ಕಮ್ಮ ಒಬ್ಬರೇ ಇರುವ, ಒಂದೇ ಬಚ್ಚಲಿರುವ ಮನೆಗೆ ಆರು ಜನ ಐದು ದಿನಕ್ಕೆಂದು ಹೋಗಿ ಇಳಿಯುವುದು ಆಕೆಯ ಆರೋಗ್ಯಕ್ಕೆ ಮಾಡುವ ಅಪಚಾರ. ಊಟ ಅವರಲ್ಲಿ, ವಾಸ ಹತ್ತಿರದ ವಸತಿಗೃಹದಲ್ಲಿ ಎಂಬ ಏರ್ಪಾಡು ಪ್ರೀತಿಗೆ ಕುಂದಲ್ಲ. ಉಡುಪಿ, ಕುಂದಾಪುರದ ಕಡೆಯ ನಮ್ಮ ಮಿತ್ರರಲ್ಲಿ ಅನೇಕರಿಗೆ ಊರಿನಲ್ಲಿ ಸ್ವಂತ ಮನೆಯೇ ಇದೆ; ಆದರೆ ಅದಕ್ಕೆ ವರ್ಷದಲ್ಲಿ ಹನ್ನೊಂದು ತಿಂಗಳು ಬೀಗ. ಅಂತಹ ಮನೆಗೆ ಹೋಗುವವರು ಒಂದು ವಾರ ಮೊದಲೇ ಬಾವಿಯ ನೀರನ್ನು ಎತ್ತಿಸಿ, ಬ್ಲೀಚಿಂಗ್ ಪುಡಿ ಹಾಕಿಸಿ, ಮೇಲಿನ ಟಾಂಕಿ ತೊಳೆಸಿ, ಕಿಟಕಿಗಳನ್ನು ತೆರೆಸಿಡಬೇಕು. ಮುಚ್ಚಿದ ಕೋಣೆಯ ಬೂಷ್ಟು ಉಬ್ಬಸದವರಿಗೆ ಶತ್ರು.

ಎರಡನೆಯದು ಗೃಹಸ್ಥರ ಮನೆಯ ಕೊಠಡಿ. ಅಲಿಬಾಗದ ಬಳಿಯ ನಾಗಾಂವ್, ಕಿಹೀಮ್, ರೇವದಂಡಾಗಳ ಕಡೆ ತೆಂಗು ಅಡಿಕೆಯ ವಾಡಿಗಳಲ್ಲಿ ಮನೆಯವರೇ ಕೊಠಡಿ ಕೊಟ್ಟು, ಮನೆಯ ಅಡುಗೆಯನ್ನೇ ಬಡಿಸುವ ಪದ್ಧತಿಯಿದೆ. ಗೋಕರ್ಣದಲ್ಲಿ ಅರ್ಚಕ ಕುಟುಂಬಗಳು ಯಾತ್ರಿಕರನ್ನು ತಮ್ಮ ಮನೆಗಳಲ್ಲಿ ಇಳಿಸಿಕೊಳ್ಳುವುದು ಹಳೆಯ ರೂಢಿ. ಇಂಥ ಮನೆಗಳ ದೊಡ್ಡ ಅನುಕೂಲವೆಂದರೆ ನೆಲಮಟ್ಟದ ಕೊಠಡಿ, ಖಾರ ಕಡಿಮೆ ಮಾಡೆಂದರೆ ಮಾಡುವ ಕೈ, ರಾತ್ರಿ ಎಚ್ಚರಿಸಿದರೆ ಏಳುವ ಮನುಷ್ಯರು. ಶೌಚಾಲಯ ಮಾತ್ರ ಪ್ರತ್ಯೇಕವಾಗಿದೆಯೇ, ಮಂಡಿನೋವಿನವರು ಕುಳಿತುಕೊಳ್ಳುವ ಕಮೋಡ್ ಇದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಮೂರನೆಯದು ದೇವಸ್ಥಾನ, ಮಠಗಳ ಯಾತ್ರಿನಿವಾಸ. ದರ ಕಡಿಮೆ, ಆಹಾರ ಸಾತ್ತ್ವಿಕ. ಆದರೆ ಹಬ್ಬದ ದಿನಗಳಲ್ಲಿ ನೂಕುನುಗ್ಗಲು. ಕಡಲು ಎಲ್ಲ ಕಡೆಯೂ ಬಾಗಿಲಲ್ಲಿರುವುದಿಲ್ಲ. ಉಡುಪಿಯಲ್ಲಿ ಇಳಿದರೆ ಮಲ್ಪೆಗೆ ಸುಮಾರು ಆರು ಕಿಲೋಮೀಟರ್. ಅದು ದೂರವೇನಲ್ಲ, ಕಡಲಿಗೆ ಹೋಗಿ ಬರುವುದಕ್ಕೂ ಕಡಲಿನ ಮೇಲೆಯೇ ಮಲಗುವುದಕ್ಕೂ ವ್ಯತ್ಯಾಸವಿದೆ.

ನಾಲ್ಕನೆಯದು ಹೋಟೆಲು ಮತ್ತು ಸರ್ಕಾರಿ ಪ್ರವಾಸೋದ್ಯಮ ನಿಗಮಗಳ ವಸತಿ. ಕರ್ನಾಟಕದಲ್ಲಿ ‘ಮಯೂರ’ ಎಂಬ ಹೆಸರಿನವು, ಮಹಾರಾಷ್ಟ್ರದಲ್ಲಿ ಗಣಪತಿಪುಳೆ, ಹರಿಹರೇಶ್ವರ ಮೊದಲಾದೆಡೆ ಇರುವವು ಬಹುಮಂದಿಗೆ ಪರಿಚಿತ. ಇಲ್ಲಿ ‘ಕಡಲಿಗೆ ತಾಗಿದ ಕೊಠಡಿ’ ಎಂಬ ಮಾತಿಗೆ ಮರುಳಾಗದೆ ನೋಡುವುದೊಳಿತು. ಕರಾವಳಿ ನಿಯಂತ್ರಣ ವಲಯದ ನಿಯಮಗಳು 1991ರಿಂದ ಜಾರಿಯಲ್ಲಿದ್ದು, ಉಬ್ಬರದ ರೇಖೆಯಿಂದ ನಿರ್ದಿಷ್ಟ ದೂರದೊಳಗೆ ಕಟ್ಟಡಗಳಿಗೆ ನಿರ್ಬಂಧವಿದೆ. ಮರಳಿನ ಮೇಲೆಯೇ ನಿಂತ ವಸತಿ ನಿಯಮಕ್ಕೆ ಹೊರತಾಗಿರಬಹುದು; ಅಲೆಗೂ ಅದು ಮೊದಲ ತುತ್ತು. ಉಳ್ಳಾಲದ ಕಡೆ ಕಡಲ್ಕೊರೆತಕ್ಕೆ ಮನೆಗಳು ಬಲಿಯಾದುದನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಬಂದಿದ್ದೇವೆ. ತೀರದಿಂದ ಐದು ನಿಮಿಷದ ನಡಿಗೆಯ, ನೆರಳಿನ ದಾರಿಯ ಕೊಠಡಿಯೇ ಉತ್ತಮ.

ವೈದ್ಯರು ಎಷ್ಟು ದೂರ?

ಚಿತ್ರಗಳಲ್ಲಿ ಕಾಣದ ಎರಡನೆಯ ಸಂಗತಿ ಆಸ್ಪತ್ರೆ. ಉತ್ತರ ಕನ್ನಡದ ಕಡಲು ಎಷ್ಟು ಸುಂದರವೋ ಅಲ್ಲಿ ತುರ್ತುಚಿಕಿತ್ಸೆಯ ಕೊರತೆ ಅಷ್ಟೇ ಪ್ರಸಿದ್ಧ. ಸುಸಜ್ಜಿತ ಆಸ್ಪತ್ರೆ ಬೇಕೆಂದು ಆ ಜಿಲ್ಲೆಯ ಜನರೇ 2019ರಲ್ಲಿಯೂ 2022ರಲ್ಲಿಯೂ ಗಟ್ಟಿಯಾಗಿ ದನಿಯೆತ್ತಿದ್ದರು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆಯಾದರೂ, ಗಂಭೀರ ಸ್ಥಿತಿಯ ರೋಗಿಗಳನ್ನು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವೆಗೆ ಒಯ್ದ ಕಥೆಗಳು ಅಲ್ಲಿ ಮನೆಮನೆಯಲ್ಲಿವೆ. ಆದುದರಿಂದ ಹೃದ್ರೋಗವಿರುವವರು, ಈಚೆಗೆ ಶಸ್ತ್ರಚಿಕಿತ್ಸೆಯಾದವರು ಜೊತೆಗಿದ್ದರೆ ಮಣಿಪಾಲಕ್ಕೆ ಸಮೀಪದ ಮಲ್ಪೆ, ಕಾಪು ಅಥವಾ ಮಂಗಳೂರಿನ ಬಳಿಯ ತೀರಗಳೇ ಕ್ಷೇಮ. ಒಂಟಿ ಕೊಲ್ಲಿಗಳನ್ನು ಮೊಣಕಾಲು ಗಟ್ಟಿಯಿರುವ ತರುಣರಿಗೆ ಬಿಡೋಣ. ಅಲಿಬಾಗವು ರಾಯಗಡ ಜಿಲ್ಲೆಯ ಕೇಂದ್ರವಾದುದರಿಂದ ಅಲ್ಲಿ ಜಿಲ್ಲಾ ಆಸ್ಪತ್ರೆಯ ಅನುಕೂಲವುಂಟು. ಎರಡೂ ರಾಜ್ಯಗಳಲ್ಲಿ ಆಂಬ್ಯುಲೆನ್ಸಿಗೆ 108.

ಸಮುದ್ರದ ಗುಣ

ವಸತಿಯೊಂದಿಗೆ ತೀರವನ್ನೂ ಆರಿಸುತ್ತೇವೆಂಬುದನ್ನು ಮರೆಯಬಾರದು. ಮುಂಬಯಿ ಸುತ್ತಿನ ಕಡಲಲ್ಲಿ ದೊಡ್ಡ ಉಬ್ಬರ 4 ಮೀಟರನ್ನೂ ಮೀರುವುದುಂಟು. ದಕ್ಷಿಣಕ್ಕೆ ಹೋದಂತೆ ಅದು ತಗ್ಗಿ, ಕಾರವಾರ, ಮಂಗಳೂರಿನ ಕಡೆ ಅದರ ಅರ್ಧದಷ್ಟೋ ಇನ್ನೂ ಕಡಿಮೆಯೋ ಆಗುತ್ತದೆ. ಅಲಿಬಾಗದಲ್ಲಿ ಇಳಿತದ ವೇಳೆ ಕೊಲಾಬಾ ಕೋಟೆಗೆ ನಡೆದೇ ಹೋಗಬಹುದು. ಉಬ್ಬರ ಬಂದರೆ ಅದೇ ದಾರಿ ನೀರು. ಉಬ್ಬರ ದಿನಕ್ಕೆ ಎರಡು ಬಾರಿ, ದಿನದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತದೆ. ವಸತಿಯವರಲ್ಲಿ ಮೊದಲು ಕೇಳಬೇಕಾದುದು ಊಟದ ವೇಳೆಯಲ್ಲ, ಉಬ್ಬರದ ವೇಳೆ.

2016ರ ಫೆಬ್ರುವರಿ 1ರಂದು ಮುರೂಡಿನಲ್ಲಿ ಪುಣೆಯಿಂದ ಬಂದಿದ್ದ ಹತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು ಮುಳುಗಿ ತೀರಿಕೊಂಡರು. 2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯ ನಾಲ್ವರು ಬಾಲಕಿಯರು ಅಲೆಗೆ ಸಿಕ್ಕಿ ಹೋದರು. ಎರಡೂ ಮಳೆಗಾಲದ ದಿನಗಳಲ್ಲ. ಬಯಲುಸೀಮೆಯ ಕೆರೆಯಲ್ಲಿ ಈಜು ಕಲಿತವನಿಗೆ ಕಡಲಿನ ಸೆಳೆತ ತಿಳಿಯದು. ಸೆಳೆತಕ್ಕೆ ಸಿಕ್ಕವನು ದಡದ ಕಡೆಗೆ ಎದುರೀಜದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬರಬೇಕು. ಈಜು ಬಾರದವರು ಮೊಣಕಾಲಿನ ನೀರನ್ನು ದಾಟಲೇಬಾರದು. ಜೀವರಕ್ಷಕರಿರುವ ತೀರವನ್ನೇ ಆರಿಸುವುದು ವಿವೇಕ. ಕರ್ನಾಟಕದ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ತೀರಗಳಿಗೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮನ್ನಣೆ ಸಂದಿತು. ನೀರಿನ ಶುದ್ಧತೆ, ಶೌಚಾಲಯ, ಜೀವರಕ್ಷಣೆ ಇವೇ ಆ ಮನ್ನಣೆಯ ಅಳತೆಗೋಲು.

ಹೊರಡುವ ಮುನ್ನ

ಅಂಬರನಾಥದಿಂದ ಅಲಿಬಾಗಕ್ಕೆ ಪನವೇಲ್, ಪೇಣ್ ಮಾರ್ಗವಾಗಿ ನೂರು ಕಿಲೋಮೀಟರಿನ ಆಸುಪಾಸು. ಕೊಂಕಣ ರೈಲ್ವೆ 1998ರಲ್ಲಿ ಪೂರ್ಣವಾದಂದಿನಿಂದ ಠಾಣೆಯಲ್ಲೋ ಪನವೇಲಿನಲ್ಲೋ ರೈಲು ಹಿಡಿದು ಕಾರವಾರ, ಉಡುಪಿಗಳನ್ನು ಸೇರುವುದೂ ಸುಲಭ. ಮಳೆಗಾಲವನ್ನು ಬಿಟ್ಟುಬಿಡಿ. ಮೇ ತಿಂಗಳ ಸೆಕೆಗಿಂತ ನವೆಂಬರಿನಿಂದ ಫೆಬ್ರುವರಿಯವರೆಗಿನ ಹವೆ ವೃದ್ಧರಿಗೆ ಹಿತ. ಮುಂಗಡ ಹಣ ಕಳಿಸುವ ಮೊದಲು ಫೋನಿನಲ್ಲಿ ಈ ಪ್ರಶ್ನೆಗಳನ್ನು ಕೇಳತಕ್ಕದ್ದು:

1. ಕೊಠಡಿ ಎಷ್ಟನೆಯ ಮಹಡಿಯಲ್ಲಿದೆ? ರಸ್ತೆಯಿಂದ ಬಾಗಿಲಿಗೆ ಮೆಟ್ಟಿಲೆಷ್ಟು? ವಾಹನ ಬಾಗಿಲವರೆಗೆ ಬರುವುದೇ?

2. ಕುಡಿಯುವ ನೀರು ಯಾವುದು? ಕಡಲ ಬಳಿಯ ಬಾವಿಗಳು ಬೇಸಗೆಯಲ್ಲಿ ಉಪ್ಪಾಗುವುದುಂಟು. ಕುದಿಸಿ ಆರಿಸಿದ ನೀರು ಸಿಗದಲ್ಲಿ ಮಕ್ಕಳೊಂದಿಗೆ ಇಳಿಯಬಾರದು. ಕಾಮಾಲೆ, ವಿಷಮಶೀತ ಜ್ವರಗಳು ನೀರಿನಿಂದಲೂ ಬರುತ್ತವೆ.

3. ಕಿಟಕಿಗೆ ಜಾಲರಿ, ಮಂಚಕ್ಕೆ ಸೊಳ್ಳೆಪರದೆ ಇವೆಯೇ? ಡೆಂಗಿಯ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ. ಮಧ್ಯಾಹ್ನ ಮಲಗುವ ಮಗುವಿಗೂ ಪರದೆ ಬೇಕು.

4. ಫ್ರಿಜ್ ಇದೆಯೇ? ತೆರೆಯದ ಇನ್ಸುಲಿನ್ ಬಾಟಲಿಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೆಪ್ಪುಗಟ್ಟಲು ಬಿಡಬಾರದು.

5. ರಾತ್ರಿ ಸಿಗುವ ವೈದ್ಯರು ಯಾರು, ಎಷ್ಟು ದೂರ? ರಾತ್ರಿ ವಾಹನ ಸಿಗುವುದೇ?

ಮಧುಮೇಹಿಗಳಿಗೆ ಒಂದು ವಿಶೇಷ ಸೂಚನೆ. ಬೇಸಗೆಯ ನಡುಹಗಲಲ್ಲಿ ಒಣಮರಳಿನ ಶಾಖ 50 ಡಿಗ್ರಿಯನ್ನೂ ಮೀರಬಲ್ಲುದು. ಹಲವು ವರ್ಷದ ಸಕ್ಕರೆ ಕಾಯಿಲೆ ಪಾದದ ನರಗಳನ್ನು ಮಂದಗೊಳಿಸುವುದರಿಂದ ಸುಟ್ಟದ್ದು, ಚುಚ್ಚಿದ್ದು ತಿಳಿಯುವುದಿಲ್ಲ. ಮರಳಿನಲ್ಲಿಯೂ ಚಪ್ಪಲಿ ಬಿಡಬೇಡಿ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ತೀರಕ್ಕೆ ಇಳಿಯಬೇಡಿ. ಪ್ರತಿ ಸಂಜೆ ಅಂಗಾಲು, ಬೆರಳಸಂದುಗಳನ್ನು ಮನೆಯವರಿಂದ ನೋಡಿಸಿಕೊಳ್ಳಿ. ಬೊಬ್ಬೆ ಕಂಡರೆ ಒಡೆಯದೆ, ಶುಭ್ರವಾದ ಬಟ್ಟೆ ಕಟ್ಟಿ, ಅದೇ ದಿನ ವೈದ್ಯರನ್ನು ಕಾಣಿ.

ಮರುವರ್ಷ ಡಿಸೆಂಬರಿನಲ್ಲಿ ನಾವು ನಾಗಾಂವಿಗೆ ಹೋದೆವು. ಈ ಸಲ ವಸತಿ ಆರಿಸಿದವರು ತಾಯಿ. ಮಗ ಫೋನು ಹಿಡಿದಿದ್ದ, ಪ್ರಶ್ನೆಗಳು ಅವರವು. ವಾಡಿಯ ನಡುವೆ ನೆಲಮಟ್ಟದ ಕೋಣೆ. ಕಿಟಕಿಯಿಂದ ಕಡಲು ಕಾಣುತ್ತಿರಲಿಲ್ಲ; ಅಡಿಕೆಮರಗಳ ನಡುವಿನಿಂದ ಅದರ ಮೊರೆತ ಮಾತ್ರ ರಾತ್ರಿಯೆಲ್ಲ ಕೇಳುತ್ತಿತ್ತು. ಸಂಜೆ ಐದಕ್ಕೆ ನೆರಳಿನ ದಾರಿಯಲ್ಲಿ ನಡೆದು ತೀರ ಸೇರಿದ ತಾಯಿ, ಕಾಲಿನ ಚಪ್ಪಲಿಯನ್ನೂ ಕಡಲನ್ನೂ ಒಮ್ಮೆ ನೋಡಿದರು. ಅನಂತರ ಚಪ್ಪಲಿ ಬಿಡದೆ, ನಿಂತಲ್ಲಿಂದಲೇ ಕೈಮುಗಿದು, ‘ನೀ ಏನೂ ತಿಳಕೋಬ್ಯಾಡಪ್ಪಾ’ ಎಂದರು. ಸಮುದ್ರರಾಜ ಏನೂ ತಿಳಿದುಕೊಂಡಂತೆ ಕಾಣಲಿಲ್ಲ. ಮೂರು ದಿನ ಕಳೆದು, ಹೋದ ಆರು ಜನರೂ ಹೋದ ಕಾಲುಗಳ ಮೇಲೆಯೇ ನಡೆದು ಮನೆ ಸೇರಿದೆವು. ಪ್ರವಾಸದಿಂದ ಅದಕ್ಕಿಂತ ಹೆಚ್ಚಿನದನ್ನು ಬಯಸಲಾಗದು. ನಿಮ್ಮ ಪ್ರವಾಸವೂ ಹಾಗೆಯೇ ಸುಖಕರವಾಗಲಿ.