ಕಿವಿ ಕೇಳದವರ ದೂರವಾಣಿ: ದೆಹಲಿಯ ಪರದೆಯಿಂದ ಕಾಗಿನೆಲೆಗೆ ಎಷ್ಟು ದೂರ?

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಇಂದಿನ ದರವೆಷ್ಟೆಂದು ತಿಳಿಯಲು ಕಾಗಿನೆಲೆಯ ರೈತನಿಗೆ ಒಂದು ದೂರವಾಣಿ ಕರೆ ಸಾಕು. ರಾಣೆಬೆನ್ನೂರಿನ ಬೀಜದಂಗಡಿಗೆ ಬೇಕಾದ ತಳಿ ಬಂದಿದೆಯೇ, ಹಾವೇರಿಯ ಆಸ್ಪತ್ರೆಯಲ್ಲಿ ತಜ್ಞ ವೈದ್ಯರು ಈ ದಿನ ಲಭ್ಯರೇ, ಬ್ಯಾಂಕಿನ ಕಂತು ಎಂದು ಕಟ್ಟಬೇಕು, ಎಲ್ಲವೂ ಎರಡು ನಿಮಿಷದ ಮಾತು. ಅದೇ ಊರಿನಲ್ಲಿ ಹುಟ್ಟಿನಿಂದಲೇ ಕಿವಿ ಕೇಳದ ರೈತನೊಬ್ಬನಿದ್ದಾನೆಂದು ಭಾವಿಸೋಣ. ಅವನ ಅಂಗೈಯಲ್ಲೂ ಅದೇ ಯಂತ್ರವಿದೆ. ಆದರೆ ಕರೆ ಮಾಡಬೇಕಾದಾಗ ಅವನು ಹುಡುಕುವುದು ಶಾಲೆಗೆ ಹೋಗುವ ತನ್ನ ಮಗಳನ್ನು. ಬೆಲೆ ಕುದುರಿಸುವವಳು ಅವಳೇ, ಸಾಲಗಾರನ ಬಿರುನುಡಿ ಕೇಳುವವಳು ಅವಳೇ, ತಾಯಿಯ ಕಾಯಿಲೆಯ ಹೆಸರನ್ನು ವೈದ್ಯರ ಬಾಯಿಂದ ಮೊದಲು ಕೇಳಿ ತಂದೆಗೆ ತಿಳಿಸಬೇಕಾದವಳೂ ಅವಳೇ. ಮಕ್ಕಳ ಹೆಗಲ ಮೇಲೆ ನಾವು ಹೊರಿಸಬಾರದ ಭಾರವಿದು.

ಈ ಭಾರವನ್ನು ಇಳಿಸಲೆಂದೇ ಹುಟ್ಟಿದ್ದು ವಿಡಿಯೋ ರಿಲೇ ಸೇವೆ. ಅದರ ಕ್ರಮ ಸರಳ. ಕಿವುಡ ವ್ಯಕ್ತಿಯು ತನ್ನ ಮೊಬೈಲಿನ ಪರದೆಯಲ್ಲಿ ದುಭಾಷಿಯೊಬ್ಬರಿಗೆ ವಿಡಿಯೋ ಕರೆ ಮಾಡಿ ಸಂಜ್ಞಾ ಭಾಷೆಯಲ್ಲಿ ವಿಷಯ ತಿಳಿಸುತ್ತಾನೆ. ದುಭಾಷಿಯು ಮತ್ತೊಂದು ದೂರವಾಣಿಯಲ್ಲಿ ಬ್ಯಾಂಕಿಗೋ ಆಸ್ಪತ್ರೆಗೋ ಕರೆ ಮಾಡಿ ಅದನ್ನು ಮಾತಿನಲ್ಲಿ ಹೇಳುತ್ತಾರೆ. ಬಂದ ಉತ್ತರವನ್ನು ಪುನಃ ಕೈಗಳಿಂದ ತೋರಿಸುತ್ತಾರೆ. ಕೈಗಳ ಮಾತು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ದನದ ಸಂತೆಗಳಲ್ಲಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಸಾವಿರಾರು ರೂಪಾಯಿಗಳ ವ್ಯಾಪಾರವನ್ನು ತುಟಿ ಬಿಚ್ಚದೆ ಮುಗಿಸಿದ ಹಿರಿಯರನ್ನು ನಾವೆಲ್ಲರೂ ಬಲ್ಲೆವು.

ನಮ್ಮ ದೇಶದಲ್ಲಿ ಈ ಸೇವೆಗೆ ಸರ್ಕಾರವೇ ಚಾಲನೆ ನೀಡಿದೆ. 2015ರಲ್ಲಿ ನವದೆಹಲಿಯಲ್ಲಿ ಸ್ಥಾಪನೆಯಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು, 2023ರ ಸೆಪ್ಟೆಂಬರಿನಲ್ಲಿ ಸಂಜ್ಞಾ ಭಾಷಾ ದಿನದ ಸಂದರ್ಭದಲ್ಲಿ ವಾಟ್ಸಾಪ್ ವಿಡಿಯೋ ಕರೆಯ ಮೂಲಕ ರಿಲೇ ಸೇವೆಯನ್ನು ಆರಂಭಿಸಿತು. ಇದೇ ಕೇಂದ್ರವು 2021ರ ಹೊತ್ತಿಗೆ 10,000 ಪದಗಳ ಸಂಜ್ಞಾ ನಿಘಂಟನ್ನೂ ಸಿದ್ಧಪಡಿಸಿತ್ತು. ಇವು ಸಣ್ಣ ಸಾಧನೆಗಳಲ್ಲ; ಪ್ರಶಂಸೆಗೆ ಅರ್ಹವಾದವು. ಆದರೆ ಆರಂಭವಾಗುವುದು ಬೇರೆ, ಹಳ್ಳಿಯ ಮನೆಬಾಗಿಲಿಗೆ ತಲುಪುವುದು ಬೇರೆ. 2011ರ ಜನಗಣತಿಯಂತೆ ದೇಶದಲ್ಲಿ ಶ್ರವಣದೋಷವುಳ್ಳವರು 50 ಲಕ್ಷಕ್ಕೂ ಅಧಿಕ; ಕರ್ನಾಟಕದಲ್ಲಿಯೇ 2 ಲಕ್ಷ 35 ಸಾವಿರಕ್ಕೂ ಹೆಚ್ಚು. ಅರ್ಹ ದುಭಾಷಿಗಳಾದರೋ ಈ ಸಂಖ್ಯೆಯ ಮುಂದೆ ತೀರಾ ವಿರಳ.

ಮೊದಲ ತೊಡಕು ಭಾಷೆಯದು. ಭಾರತೀಯ ಸಂಜ್ಞಾ ಭಾಷೆಯ ವ್ಯಾಕರಣ ದೇಶದಾದ್ಯಂತ ಬಹುಮಟ್ಟಿಗೆ ಒಂದೇ. ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುವುದು ಕೆಲವು ಸಂಜ್ಞೆಗಳು ಮಾತ್ರ. ಆದುದರಿಂದ ಹಾವೇರಿಯ ಶಿಕ್ಷಿತ ಕಿವುಡನ ಕೈಮಾತು ದೆಹಲಿಯ ದುಭಾಷಿಗೆ ಅರ್ಥವಾದೀತು. ಆದರೆ ಕರೆಯ ಮತ್ತೊಂದು ತುದಿಯಲ್ಲಿರುವ ಬ್ಯಾಡಗಿಯ ದಲ್ಲಾಳಿಗೆ ಆ ದುಭಾಷಿ ಯಾವ ಭಾಷೆಯಲ್ಲಿ ಉತ್ತರ ಕೊಡಬೇಕು? ಹಿಂದಿಯಲ್ಲಿಯೇ, ಇಂಗ್ಲಿಷಿನಲ್ಲಿಯೇ? ಗ್ರಾಮ ಪಂಚಾಯಿತಿಯ ಕಾರ್ಯದರ್ಶಿ, ಆಶಾ ಕಾರ್ಯಕರ್ತೆ, ಬಸ್ ನಿಲ್ದಾಣದ ವಿಚಾರಣಾ ಕೊಠಡಿ, ಇವರೆಲ್ಲರ ವ್ಯವಹಾರ ಕನ್ನಡದಲ್ಲಿ. ಅದೂ ನಮ್ಮ ಉತ್ತರದ ಕನ್ನಡದಲ್ಲಿ. ಕನ್ನಡ ಬಲ್ಲ ದುಭಾಷಿಗಳಿಲ್ಲದ ರಿಲೇ ಸೇವೆ ನಮ್ಮ ಪಾಲಿಗೆ ಅರ್ಧ ಸೇತುವೆ. ಕೆನಡಾ ದೇಶವು 2016ರಲ್ಲಿ ಈ ಸೇವೆಯನ್ನು ಆರಂಭಿಸುವಾಗಲೇ ಇಂಗ್ಲಿಷಿಗೊಂದು, ಫ್ರೆಂಚಿಗೊಂದು ಎಂದು ಎರಡು ಸಂಜ್ಞಾ ಭಾಷೆಗಳ ವ್ಯವಸ್ಥೆಯನ್ನು ಜೊತೆಯಾಗಿಯೇ ಮಾಡಿತು. ಇಷ್ಟೊಂದು ರಾಜ್ಯಭಾಷೆಗಳಿರುವ ನಮ್ಮ ದೇಶದಲ್ಲಿ ಪ್ರತಿ ರಾಜ್ಯಕ್ಕೂ ಒಂದು ರಿಲೇ ಕೇಂದ್ರ ಬೇಕೆಂಬುದು ಅತಿಯಾದ ಬೇಡಿಕೆಯಲ್ಲ. ವಾಕ್ ಶ್ರವಣ ಸಂಸ್ಥೆಯಂತಹ ಹಿರಿಯ ಸಂಸ್ಥೆಯು 1965ರಿಂದ ಮೈಸೂರಿನಲ್ಲಿರುವಾಗ ಕರ್ನಾಟಕವು ಹಿಂಜರಿಯಲು ಕಾರಣವೂ ಕಾಣದು.

ಹಣ ಎಲ್ಲಿಂದ ಎಂಬ ಪ್ರಶ್ನೆ ಸಹಜ. ಇಲ್ಲಿ ಅಮೆರಿಕದ ಅನುಭವವನ್ನು ಸ್ವಲ್ಪ ವಿವರವಾಗಿ ನೋಡುವುದು ಲೇಸು. ಅವರ ಒಳಿತು ಕೆಡುಕುಗಳೆರಡೂ ನಮಗೆ ಪಾಠವಾಗಬಲ್ಲವು. ಅಲ್ಲಿ 1990ರ ಅಂಗವಿಕಲರ ಕಾಯ್ದೆಯು ದೂರವಾಣಿ ಕಂಪನಿಗಳಿಗೆ ರಿಲೇ ಸೇವೆಯ ಹೊಣೆಯನ್ನು ಹೊರಿಸಿತು. ಕಂಪನಿಗಳ ವಂತಿಗೆಯಿಂದ ಒಂದು ನಿಧಿ ರೂಪುಗೊಂಡು, 2000ದಿಂದ ವಿಡಿಯೋ ರಿಲೇಗೂ ಅದರಿಂದ ಹಣ ಸಲ್ಲತೊಡಗಿತು. ಕರೆಗಳ ಪೈಕಿ ಶೇಕಡಾ 80ನ್ನು 120 ಸೆಕೆಂಡುಗಳೊಳಗೆ ಸ್ವೀಕರಿಸಬೇಕು, ಹಗಲಿರುಳೂ ಸೇವೆಯಿರಬೇಕು ಎಂಬ ನಿಯಮಗಳು ಬಂದವು. ಕಿವುಡರ ಬದುಕು ನಿಜವಾಗಿಯೂ ಬದಲಾಯಿತು. ಆದರೆ ಸೇವೆ ನೀಡುವ ಖಾಸಗಿ ಕಂಪನಿಗಳಿಗೆ ಹಣ ಸಿಗುತ್ತಿದ್ದುದು ನಿಮಿಷಗಳ ಲೆಕ್ಕದಲ್ಲಿ. ಮಾತು ಬೆಳೆದಷ್ಟೂ ಆದಾಯ! ದುರಾಸೆಗೆ ಇದಕ್ಕಿಂತ ಸುಲಭದ ದಾರಿ ಬೇಕೆ? ಹಣ ಕೊಟ್ಟು ಸುಳ್ಳು ಕರೆಗಳನ್ನು ಮಾಡಿಸುವ ಜಾಲಗಳು ಹುಟ್ಟಿಕೊಂಡವು. 2009ರ ನವೆಂಬರಿನಲ್ಲಿ 26 ಮಂದಿಯ ಮೇಲೆ ವಂಚನೆಯ ಆರೋಪ ಹೊರಿಸಲಾಯಿತು. ಅನಂತರ 2013ರಲ್ಲಿ ಅಲ್ಲಿನ ಸಂಪರ್ಕ ಆಯೋಗವು ಬಳಕೆದಾರರ ಕೇಂದ್ರೀಯ ನೋಂದಣಿ, ದರಗಳ ಇಳಿಕೆ ಮುಂತಾದ ಸುಧಾರಣೆಗಳನ್ನು ಆದೇಶಿಸಿತು. ಕಳ್ಳರು ಕೆಲವರು, ಅನುಮಾನದ ನೋಟವನ್ನು ಎದುರಿಸಬೇಕಾದವರು ಮಾತ್ರ ಪ್ರಾಮಾಣಿಕ ಕಿವುಡರೆಲ್ಲರೂ. ಸೇವೆ ಇನ್ನೂ ಎಳೆಯದಾಗಿರುವಾಗಲೇ ಲೆಕ್ಕಪತ್ರದ ಶಿಸ್ತನ್ನು ನಾವು ಕಟ್ಟಿಕೊಳ್ಳಬೇಕೆನ್ನುವುದು ಇದಕ್ಕಾಗಿಯೇ.

ನಮ್ಮಲ್ಲಿಯೂ ಅಂತಹುದೇ ಒಂದು ನಿಧಿಯುಂಟು. ಹಳ್ಳಿಗಳಿಗೆ ದೂರವಾಣಿ ತಲುಪಿಸಲೆಂದು 2002ರಲ್ಲಿ ಆರಂಭವಾದ ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿಯು, 2023ರ ದೂರಸಂಪರ್ಕ ಕಾಯ್ದೆಯಡಿ ‘ಡಿಜಿಟಲ್ ಭಾರತ್ ನಿಧಿ’ ಎಂಬ ಹೆಸರು ಪಡೆದಿದೆ. ದೂರವಾಣಿ ಕಂಪನಿಗಳ ಆದಾಯದ ಒಂದು ಪಾಲು ಇದಕ್ಕೆ ಸೇರುತ್ತದೆ. ಗೋಪುರಗಳನ್ನೂ ತಂತಿಗಳನ್ನೂ ಎಲ್ಲೆಡೆ ಹರಡಲು ಹಣವಿರುವಾಗ, ಆ ತಂತಿಯ ಮೇಲೆ ಮಾತನಾಡಲಾಗದವರಿಗೆ ದುಭಾಷಿಯನ್ನು ಒದಗಿಸಲೂ ಅದೇ ನಿಧಿಯಿಂದ ಒಂದು ಪಾಲು ತೆಗೆದಿಡುವುದು ನ್ಯಾಯವೆಂದು ನಮ್ಮ ಅಭಿಪ್ರಾಯ. ಕಿವುಡ ರೈತನೂ ತಿಂಗಳು ತಿಂಗಳು ತನ್ನ ಮೊಬೈಲಿಗೆ ಹಣ ಕಟ್ಟುವವನೇ ಅಲ್ಲವೇ?

ಇನ್ನು ಕರೆಯನ್ನು ಸ್ವೀಕರಿಸುವವರ ಮಾತು. ‘ಖಾತೆದಾರರೇ ಮಾತನಾಡಬೇಕು, ಬೇರೆಯವರೊಂದಿಗೆ ವಿವರ ಹೇಳಲಾಗದು’ ಎಂದು ಬ್ಯಾಂಕಿನ ಗುಮಾಸ್ತರು ಕರೆ ಕಡಿದರೆ ರಿಲೇ ಸೇವೆ ಇದ್ದೂ ಇಲ್ಲದಂತೆ. ಅವರ ಎಚ್ಚರಿಕೆಯನ್ನು ತಪ್ಪೆನ್ನಲಾಗದು. ದೂರವಾಣಿಯ ಮೋಸಗಳು ಹೆಚ್ಚಿರುವ ಕಾಲವಿದು. ಆದುದರಿಂದ ನೋಂದಾಯಿತ ದುಭಾಷಿಯ ಮೂಲಕ ಬರುವ ಕರೆಯನ್ನು ಖಾತೆದಾರನದೇ ಕರೆಯೆಂದು ಭಾವಿಸಬೇಕೆಂಬ ಸ್ಪಷ್ಟ ನಿಯಮ ಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಸಂಪರ್ಕ ಸೌಲಭ್ಯದ ಹಕ್ಕನ್ನು ಒಪ್ಪಿದೆ. ಡಿಜಿಟಲ್ ಸೇವೆಗಳನ್ನು ಪಡೆಯುವುದು ಜೀವಿಸುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು 2025ರ ಏಪ್ರಿಲಿನಲ್ಲಿ ತೀರ್ಪಿತ್ತಿದೆ. ನ್ಯಾಯಾಲಯಗಳು ಬರಿಯ ಮಾತಿನಲ್ಲಿ ನಿಂತಿಲ್ಲ. ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ಅವರು 2023ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ, 2024ರ ಏಪ್ರಿಲಿನಲ್ಲಿ ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದಲ್ಲಿ ಸಂಜ್ಞಾ ಭಾಷಾ ದುಭಾಷಿಯ ಮೂಲಕ ವಾದಿಸಿದರು. ನ್ಯಾಯಪೀಠವೇ ಆಲಿಸಿದ ಕೈಗಳನ್ನು ಬ್ಯಾಂಕಿನ ಶಾಖೆಯೊಂದು ಆಲಿಸಲಾರದೇ?

ಗೋಪ್ಯತೆಯ ವಿಷಯದಲ್ಲಿ ಕಥೋಲಿಕ ಕುಟುಂಬಗಳಿಗೆ ಪರಿಚಿತವಾದ ಒಂದು ಮಾದರಿಯಿದೆ. 1983ರ ಶ್ರೀಸಭೆಯ ಕಾನೂನು ಸಂಹಿತೆಯ 990ನೆಯ ನಿಯಮದಂತೆ ದುಭಾಷಿಯ ಮೂಲಕ ಪಾಪನಿವೇದನೆ ಮಾಡಲು ಯಾರಿಗೂ ಅಡ್ಡಿಯಿಲ್ಲ. ಆ ದುಭಾಷಿಯೂ ಗುಟ್ಟನ್ನು ಕಾಯಲು ಬದ್ಧ, ಮುರಿದರೆ ಶಿಕ್ಷೆಗೆ ಗುರಿ. (ಇದು ಎದುರುಬದುರು ಕುಳಿತಾಗಿನ ಮಾತು, ಪಾಪನಿವೇದನೆ ದೂರವಾಣಿಯಲ್ಲಿ ಸಲ್ಲದು.) ರಿಲೇ ದುಭಾಷಿಯ ಕಿವಿಗೂ ರೋಗದ ವಿವರ, ಸಾಲದ ಮೊತ್ತ, ದಂಪತಿಗಳ ಮನಸ್ತಾಪ ಎಲ್ಲವೂ ಬೀಳುತ್ತವೆ. ಅವರನ್ನೂ ಕಾನೂನಿನ ಪ್ರಮಾಣವಚನಕ್ಕೆ ಒಳಪಡಿಸುವುದು ಅವಶ್ಯ. ಸರ್ಕಾರದ ಸೇವೆಯೊಂದು ಖಾಸಗಿ ಕಂಪನಿಯ ವಾಟ್ಸಾಪನ್ನೇ ಸದಾ ನೆಚ್ಚಿಕೊಂಡಿರುವುದೂ ಉಚಿತವಲ್ಲ.

ತುರ್ತು ಸಂದರ್ಭವಂತೂ ಕಾಯುವುದಿಲ್ಲ. 112ನ್ನು ಆ್ಯಪ್ ಹಾಗೂ ಸಂದೇಶದ ಮೂಲಕವೂ ತಲುಪಬಹುದು. ಆದರೆ ನಡುರಾತ್ರಿ ಎದೆನೋವು ಬಂದಾಗ ‘ನೋವು ಎಲ್ಲಿದೆ, ಉಸಿರಾಟ ಹೇಗಿದೆ’ ಎಂದು ಕೇಳಿ ತಿಳಿಯಲು ದುಭಾಷಿ ಬೇಕು. 112ಕ್ಕೂ 108ಕ್ಕೂ ಹಗಲಿರುಳು ರಿಲೇ ಜೋಡಣೆಯಾಗಲಿ ಎಂಬುದನ್ನು ನಮ್ಮ ಶಾಸಕರೂ ಸಂಸದರೂ ಗಮನಿಸಬೇಕು.

ಮತ್ತೊಂದು ಸತ್ಯವನ್ನು ಮರೆಮಾಚಲಾಗದು. ಶಾಲೆಯ ಮುಖ ಕಾಣದ ಎಷ್ಟೋ ಕಿವುಡರಿಗೆ ಭಾರತೀಯ ಸಂಜ್ಞಾ ಭಾಷೆಯೇ ಬಾರದು. ಅವರು ಬಲ್ಲದ್ದು ಮನೆಮಂದಿ ಕೂಡಿ ಕಟ್ಟಿಕೊಂಡ ಸನ್ನೆಗಳು ಮಾತ್ರ. ಅವರಿಗೆ ಯಾವ ಪರದೆಯೂ ನೆರವಾಗದು. ಮೊದಲು ಭಾಷೆ ಕಲಿಸಬೇಕು, ಅದೂ ಎಳವೆಯಲ್ಲಿ, ತಂದೆತಾಯಿಗಳೊಂದಿಗೆ. ಮಗು ಮಾತು ಕಲಿಯದೆ ಹೋದೀತೆಂಬ ಭಯದಿಂದ ಸನ್ನೆಯನ್ನೇ ತಡೆಯುವ ಮನೆಗಳು ಇಂದಿಗೂ ಉಂಟು. ಸ್ನಾನಿಕ ಯೊವಾನ್ನರ ಜನನದ ವೇಳೆ ಮಾತು ಕಳೆದುಕೊಂಡಿದ್ದ ಜಕರೀಯರನ್ನು ನೆಂಟರು ಸನ್ನೆಯಿಂದಲೇ ಕೇಳಿದರು, ಅವರು ಹಲಗೆಯ ಮೇಲೆ ಬರೆದು ಉತ್ತರಿಸಿದರು. ಆ ಮನೆಯಲ್ಲಿ ಯಾರೂ ಅದನ್ನು ಅವಮಾನವೆಂದು ಬಗೆಯಲಿಲ್ಲ.

ಸಂಜ್ಞಾ ಭಾಷಾ ದುಭಾಷಿಯ ಡಿಪ್ಲೊಮಾ ಎರಡು ವರ್ಷಗಳ ಅಧ್ಯಯನ. ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಅದಕ್ಕುಂಟು. ಪಿಯುಸಿ ಮುಗಿಸಿದವರು ಸೇರಬಹುದು. ನರ್ಸಿಂಗ್, ಶಿಕ್ಷಕ ತರಬೇತಿಗಳಿಗೆ ಮಕ್ಕಳನ್ನು ಉತ್ಸಾಹದಿಂದ ಕಳುಹಿಸುವ ನಮ್ಮ ಕುಟುಂಬಗಳಲ್ಲಿ ಈ ವೃತ್ತಿಯ ಹೆಸರು ಕೇಳಿದವರೇ ಕಡಿಮೆ. ಹಾವೇರಿ ಜಿಲ್ಲೆಯ ಕನ್ನಡವನ್ನು ಮನೆಯಲ್ಲೇ ಕಲಿತ ಯುವಕ ಯುವತಿಯರು ಈ ವರ್ಷ ಸೇರಿದರೂ, ಕಾಗಿನೆಲೆಯಿಂದ ಬರುವ ಕರೆಗೆ ಅವರು ಉತ್ತರಿಸುವುದು ಎರಡು ವರ್ಷಗಳ ಬಳಿಕ.